ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ಕಾಣದಿದ್ದಾಗ

ಸ್ಲೈಡ್ ತುಂಬ ಉದ್ದುದ್ದ ಕೋಶಗಳು, ಒಂದರಲ್ಲೂ ವರ್ಣತಂತು ಕಾಣದು. ತಪ್ಪಿದ್ದು ಬೇರು ಕತ್ತರಿಸಿದ ಜಾಗದಲ್ಲಿ: ವಿಭಜನೆ ಹೆಚ್ಚಾಗಿ ನಡೆಯುವುದು ತುದಿಯ 1–2 ಮಿ.ಮೀ.ನಲ್ಲಿ.

ಯಶವಂತಪುರ ಮಾರುಕಟ್ಟೆಯ ಈರುಳ್ಳಿಯ ಒಣಬೇರು ಕೆರೆದು, ಬುಡವಷ್ಟೇ ನೀರಿಗೆ ತಾಗುವಂತೆ ಇಟ್ಟೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ಬೇರು ನಿಧಾನ, ಆತುರ ಬೇಡ. 2 ಸೆಂ.ಮೀ. ಬೆಳೆದ ಬೇರನ್ನು 3 ಪಾಲು ಎಥನಾಲ್, 1 ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ 24 ಗಂಟೆ ಇಟ್ಟೆ, ಕೋಶಗಳು ಇದ್ದ ಹಂತದಲ್ಲೇ ನಿಲ್ಲಲಿ ಎಂದು. ಆಮೇಲೆ 1 ನಾರ್ಮಲ್ (ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲ, 60 ಡಿಗ್ರಿ ಸೆಲ್ಸಿಯಸ್, 5–8 ನಿಮಿಷ. ಇದನ್ನು ಬಿಟ್ಟರೆ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಸಡಿಲವಾಗದು, ಎಷ್ಟು ಒತ್ತಿದರೂ ಮುದ್ದೆಯೇ. ತೊಳೆದು, ವರ್ಣತಂತುಗಳಿಗೆ ಬಣ್ಣ ಕೊಡುವ ಅಸಿಟೋಕಾರ್ಮೈನ್ ಹಾಕಿ, ಗಾಢ ಬಣ್ಣ ಹಿಡಿದ ತುದಿಯನ್ನಷ್ಟೇ ಉಳಿಸಿಕೊಂಡೆ. ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿಂದ ನೇರ ಒತ್ತಬೇಕು. ಜಾರಿಸಿದರೆ ಕೋಶಗಳು ಸುರುಳಿ ಸುತ್ತುತ್ತವೆ.

ಸೂಕ್ಷ್ಮದರ್ಶಕದ 10ಎಕ್ಸ್ ಲೆನ್ಸ್‌ನಲ್ಲಿ ಚೌಕನೆಯ ಕೋಶ ಹುಡುಕಿ 40ಕ್ಕೆ ಹೋಗಿ. ವಿಭಜನೆಯ ಮೊದಲ ಹಂತವಾದ ಪ್ರೊಫೇಸ್ ಧಾರಾಳ, ವರ್ಣತಂತುಗಳು ಎರಡು ಕಡೆಗೆ ಸರಿಯುವ ಅನಾಫೇಸ್ ಬೇಗ ಮುಗಿಯುವ ಹಂತ, ಹಾಗಾಗಿ ಅಪರೂಪ.