ಕಾರಿಗೆ ಆಂಪ್ಲಿಫೈಯರ್: ವ್ಯಾಟ್ ಆಮೇಲೆ, ವೈರ್ ಮೊದಲು

ಕಾರ್ ಸ್ಟೀರಿಯೊದ ಡಬ್ಬದ ಮೇಲೆ ‘50 ವ್ಯಾಟ್ x 4’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಅದನ್ನು ನಂಬುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸಾಮಾನ್ಯ ಸ್ಟೀರಿಯೊದೊಳಗೆ ಅದನ್ನು ಏರಿಸುವ ಏರ್ಪಾಡು ಇರುವುದಿಲ್ಲ. ಅಷ್ಟೇ ವೋಲ್ಟ್ ಇಟ್ಟುಕೊಂಡು 4 ಓಮ್‌ನ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ) ಸ್ಪೀಕರಿಗೆ ಒಡೆಯದ ಸದ್ದು ಕೊಡಬೇಕೆಂದರೆ ಚಾನೆಲ್ ಒಂದಕ್ಕೆ 26 ವ್ಯಾಟ್ ಆಸುಪಾಸಿನಲ್ಲಿ ಮಿತಿ ಮುಗಿಯುತ್ತದೆ. ಒಳಗಿನ ನಷ್ಟ ಕಳೆದರೆ ಉಳಿಯುವುದು 20 ವ್ಯಾಟ್‌ನಷ್ಟು. ಡಬ್ಬದ ಮೇಲಿನ 50 ಎಂಬುದು ಸದ್ದು ಪೂರ್ತಿ ಒಡೆದುಹೋದ ಮೇಲಿನ ಲೆಕ್ಕ. ಹೆದ್ದಾರಿಯಲ್ಲಿ ಟೈರಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಿದಾಗ ಗಾಯಕಿಯ ದನಿ ಒಡಕು ತಗಡಿನಂತೆ ಕೇಳುವುದು ಇದೇ ಕಾರಣಕ್ಕೆ. ಪ್ರತ್ಯೇಕ ಆಂಪ್ಲಿಫೈಯರ್‌ನೊಳಗೆ ವೋಲ್ಟ್ ಏರಿಸುವ ಪವರ್ ಸಪ್ಲೈ ಇರುತ್ತದೆ. ಅದು ಹೆಚ್ಚು ಅಬ್ಬರಿಸುತ್ತದೆ ಎನ್ನುವುದಕ್ಕಿಂತ, ಅದೇ ಎತ್ತರದ ಸದ್ದನ್ನು ಸುಸ್ತಾಗದೆ ಕೊಡುತ್ತದೆ ಎನ್ನುವುದೇ ಅದರ ಗುಣ.

ನಾನೇ ಕೈಯಾರೆ ಕೂರಿಸಿದ ಮೊದಲ ಆಂಪ್ಲಿಫೈಯರ್ ಎಕ್ಸಲರೇಟರ್ ಒತ್ತಿದಾಗಲೆಲ್ಲ ಸೊಳ್ಳೆಯಂತೆ ಕುಂಯ್‌ಗುಟ್ಟುತ್ತಿತ್ತು. ಸಿಗ್ನಲ್ ಕೇಬಲ್ ಬದಲಿಸಿದೆ, ಫಿಲ್ಟರ್ ತಂದು ಹಾಕಿದೆ, ಕೊನೆಗೆ ಆಂಪ್ಲಿಫೈಯರನ್ನೇ ಅನುಮಾನಿಸಿದೆ. ಮೂರು ಭಾನುವಾರ ಕಳೆದ ಮೇಲೆ ತಿಳಿಯಿತು: ನೆಗೆಟಿವ್ ತಂತಿಯನ್ನು ಬಿಗಿದ ಬೋಲ್ಟಿನ ಅಡಿಯಲ್ಲಿ ಕಾರಿನ ಬಣ್ಣ ಹಾಗೆಯೇ ಇತ್ತು, ನಾನು ಕೆರೆದಿರಲಿಲ್ಲ. ಐದು ನಿಮಿಷದ ಸ್ಯಾಂಡ್‌ಪೇಪರ್ ಕೆಲಸ. ಆದ್ದರಿಂದ ಈ ಲೇಖನದಲ್ಲಿ ಆಂಪ್ಲಿಫೈಯರ್‌ಗಿಂತ ತಂತಿಯ ಮಾತೇ ಹೆಚ್ಚಾಗಿ ಬಂದರೆ ಓದುಗರು ಕ್ಷಮಿಸಬೇಕು.

ಏನೇನು ಬೇಕು?

ಸಣ್ಣ ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್ ಕಾರಿಗೆ ಸಾಕಷ್ಟಾಗುವ ಒಂದು ಜೋಡಣೆಯನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮುಂದಿನ ಎರಡು ಬಾಗಿಲಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್ ಜೋಡಿ, ಅಂದರೆ ತಗ್ಗು ಸದ್ದಿನ ವೂಫರ್ ಬಾಗಿಲಲ್ಲಿ, ಏರು ಸದ್ದಿನ ಟ್ವೀಟರ್ ಕನ್ನಡಿಯ ಮೂಲೆಯಲ್ಲಿ. ತೀರಾ ತಗ್ಗಿನ ಸದ್ದಿಗೆ ಡಿಕ್ಕಿಯಲ್ಲಿ ಪೆಟ್ಟಿಗೆಯೊಳಗೆ 10 ಇಂಚಿನ ಒಂದು ಸಬ್‌ವೂಫರ್. ಎರಡಕ್ಕೂ ಸೇರಿ ಒಂದೇ ನಾಲ್ಕು ಚಾನೆಲ್ ಆಂಪ್ಲಿಫೈಯರ್. ಮೊದಲ ಎರಡು ಚಾನೆಲ್ ಬಾಗಿಲಿನ ಸ್ಪೀಕರ್‌ಗಳಿಗೆ. ಉಳಿದೆರಡನ್ನು ಒಂದುಗೂಡಿಸಿ, ಅಂದರೆ ಬ್ರಿಡ್ಜ್ ಮಾಡಿ, ಸಬ್‌ವೂಫರಿಗೆ.

ಹಿಂದಿನ ಸ್ಪೀಕರ್‌ಗಳು? ಅವು ಸ್ಟೀರಿಯೊದ ಶಕ್ತಿಯಲ್ಲೇ ಮೆಲ್ಲಗೆ ಹಾಡಿಕೊಂಡಿರಲಿ. ಹಿಂದಿನ ಗಾಜಿನ ಕೆಳಗೆ ದೊಡ್ಡ ಅಂಡಾಕಾರದ ಸ್ಪೀಕರ್ ಹಾಕಿಸಿಕೊಳ್ಳುವುದು ನಮ್ಮಲ್ಲಿ ಬಹಳ ಕಾಲದ ಚಾಳಿ. ಆದರೆ ಸಂಗೀತ ಕಛೇರಿಗೆ ಹೋದವರು ವೇದಿಕೆಗೆ ಬೆನ್ನು ಹಾಕಿ ಕೂರುವುದಿಲ್ಲವಲ್ಲ! ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಎಲ್ಲವನ್ನೂ ಮುಂದಿನ ಬಾಗಿಲಿಗೇ ಸುರಿಯಿರಿ.

ಕೊಳ್ಳುವಾಗ ‘ಆರ್‌ಎಂಎಸ್’ ಎಂದು ಬರೆದ ಅಂಕಿಯನ್ನು, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿಯನ್ನು, ಮಾತ್ರ ನೋಡಿ. ‘ಮ್ಯಾಕ್ಸ್ 1000 ವ್ಯಾಟ್’ ಎಂಬುದು ಜಾಹೀರಾತು. ನಮ್ಮ ಉದಾಹರಣೆಯ ಆಂಪ್ಲಿಫೈಯರ್ 4 ಓಮ್‌ಗೆ ಚಾನೆಲಿಗೆ 75 ವ್ಯಾಟ್, ಬ್ರಿಡ್ಜ್ ಮಾಡಿದರೆ 220 ವ್ಯಾಟ್ ಆರ್‌ಎಂಎಸ್ ಕೊಡುವಂಥದ್ದು ಎಂದಿಟ್ಟುಕೊಳ್ಳಿ. ಸ್ಪೀಕರ್‌ಗಳ ಆರ್‌ಎಂಎಸ್ ಅಂಕಿಯೂ ಅದರ ಹತ್ತಿರವೇ ಇರಲಿ. ಸಬ್‌ವೂಫರ್ ಆರಿಸುವಾಗ ಓಮ್ ಲೆಕ್ಕ ತಪ್ಪಬಾರದು. ಹೆಚ್ಚಿನ ನಾಲ್ಕು ಚಾನೆಲ್ ಆಂಪ್ಲಿಫೈಯರ್‌ಗಳು ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕಡಿಮೆಯನ್ನು ತಾಳಲಾರವು. ಒಂದೇ ಕಾಯಿಲ್‌ನ (ಕೋನನ್ನು ಅಲುಗಿಸುವ ತಂತಿಸುರುಳಿಯ) 4 ಓಮ್ ಸಬ್‌ವೂಫರ್ ಆಗಬಹುದು. ಎರಡು ಕಾಯಿಲ್ ಇದ್ದು ಒಂದೊಂದೂ 2 ಓಮ್ ಆಗಿದ್ದರೆ ಸರಣಿಯಲ್ಲಿ ಜೋಡಿಸಿ 4 ಮಾಡಿಕೊಳ್ಳಬಹುದು. ಒಂದೊಂದೂ 4 ಓಮ್‌ನ ಎರಡು ಕಾಯಿಲ್ ಇರುವುದು ನಮಗೆ ಹೊಂದುವುದಿಲ್ಲ. ಸಮಾನಾಂತರವಾಗಿ ಜೋಡಿಸಿದರೆ 2 ಓಮ್ ಆಗಿ ಆಂಪ್ಲಿಫೈಯರ್ ವಿಪರೀತ ಬಿಸಿಯಾಗುತ್ತದೆ, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗಿ ಸಿಗುವ ಶಕ್ತಿ ಕುಗ್ಗುತ್ತದೆ.

ತಂತಿಯ ಲೆಕ್ಕ

75, 75, 220: ಒಟ್ಟು 370 ವ್ಯಾಟ್. ಈಗಿನ ‘ಕ್ಲಾಸ್ ಡಿ’ ಬಗೆಯ ಆಂಪ್ಲಿಫೈಯರ್ ತಾನು ಪಡೆದ ವಿದ್ಯುತ್ತಿನಲ್ಲಿ ಸುಮಾರು ಶೇ 80ರಷ್ಟನ್ನು ಸದ್ದಿಗೆ ಕೊಡುತ್ತದೆ. ಹಾಗಾದರೆ ಬ್ಯಾಟರಿಯಿಂದ ಎಳೆಯುವುದು 460 ವ್ಯಾಟ್ ಚಿಲ್ಲರೆ. 13.8 ವೋಲ್ಟ್‌ನಿಂದ ಭಾಗಿಸಿದರೆ 34 ಆಂಪಿಯರ್. ಹಳೆಯ ‘ಕ್ಲಾಸ್ ಎಬಿ’ ಬಗೆಯದಾದರೆ ದಕ್ಷತೆ ಇನ್ನೂ ಕಡಿಮೆ, ಆದ್ದರಿಂದ ಎಳೆತ ಇನ್ನೂ ಹೆಚ್ಚು. ನಮ್ಮ ಲೆಕ್ಕಕ್ಕೆ 8 ಗೇಜ್‌ನ ತಾಮ್ರದ ಕೇಬಲ್, 40 ಆಂಪಿಯರ್ ಫ್ಯೂಸ್ ಸಾಕು. ಮುಂದೆ ದೊಡ್ಡ ಆಂಪ್ಲಿಫೈಯರ್ ಹಾಕುವ ಆಸೆ ಇದ್ದರೆ ಈಗಲೇ 4 ಗೇಜ್ ಎಳೆದುಬಿಡಿ. ಗೇಜ್ ಅಂಕಿ ಇಳಿದಷ್ಟೂ ತಂತಿ ದಪ್ಪ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ‘ವೈರಿಂಗ್ ಕಿಟ್’ ಎಂದು ಕೇಳಿದರೆ ಪವರ್ ಕೇಬಲ್, ಫ್ಯೂಸ್, ಸ್ಟೀರಿಯೊದ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಎಲ್ಲವೂ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ. ಅಗ್ಗದ ಕಿಟ್‌ಗಳಲ್ಲಿ ಕೇಬಲ್ ಅಪ್ಪಟ ತಾಮ್ರದ್ದಾಗಿರುವುದಿಲ್ಲ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅದನ್ನು ಬಳಸಲೇಬಾರದು ಎಂದೇನಿಲ್ಲ, ಆದರೆ ಒಂದು ಅಳತೆ ಹೆಚ್ಚು ದಪ್ಪದ್ದನ್ನು ತೆಗೆದುಕೊಳ್ಳಬೇಕು. ತೂಕ ನೋಡಿದರೂ ಗೊತ್ತಾಗುತ್ತದೆ: ದಪ್ಪಗಿದ್ದೂ ಹಗುರವಾಗಿದ್ದರೆ ಅನುಮಾನಿಸಿ. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ಕನ್ನೇ ದಪ್ಪ ಮಾಡಿ ಒಳಗೆ ತೆಳು ತಂತಿ ತುಂಬಿರುವುದೂ ಉಂಟು.

ಕೆಲಸಕ್ಕೆ ಕೈ ಹಾಕುವುದು

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಕಳಚಿದ ತುದಿ ಮತ್ತೆ ಟರ್ಮಿನಲಿಗೆ ತಾಗದಂತೆ ಬಟ್ಟೆ ಸುತ್ತಿಡಿ. ಇಡೀ ವೈರಿಂಗ್ ಮುಗಿಯುವವರೆಗೂ ಅದು ಹಾಗೆಯೇ ಇರಲಿ.

ಪವರ್ ಕೇಬಲ್ ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟು ಎಂಜಿನ್ ಹಿಂದಿನ ಗೋಡೆ ದಾಟಿ ಒಳಗೆ ಬರಬೇಕು. ಆ ಗೋಡೆಯಲ್ಲಿ ಕಂಪನಿಯ ತಂತಿಗಳ ಕಟ್ಟು ಹಾದುಬರುವ ರಬ್ಬರ್ ಬುಷ್ ಒಂದಿರುತ್ತದೆ. ಅದರ ಅಂಚಿನಲ್ಲೇ ಸಣ್ಣ ತೂತು ಮಾಡಿ ತೂರಿಸಿ. ತಗಡಿಗೆ ಹೊಸದಾಗಿ ತೂತು ಕೊರೆದರೆ ಅಲ್ಲಿಗೂ ರಬ್ಬರ್ ಬುಷ್ ಹಾಕಲೇಬೇಕು. ಬರಿಯ ತಗಡಿನ ಅಂಚು ಕಾರಿನ ಅದುರಾಟಕ್ಕೆ ದಿನದಿನವೂ ಕೇಬಲ್ಲಿನ ಹೊದಿಕೆಯನ್ನು ಗರಗಸದಂತೆ ತಿನ್ನುತ್ತದೆ.

ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಅದು ಆಂಪ್ಲಿಫೈಯರನ್ನು ಕಾಯುವುದಕ್ಕಲ್ಲ, ಅದಕ್ಕೆ ತನ್ನದೇ ಫ್ಯೂಸ್ ಇರುತ್ತದೆ. ಇದು ಬ್ಯಾಟರಿಯಿಂದ ಡಿಕ್ಕಿಯವರೆಗಿನ ನಾಲ್ಕೈದು ಮೀಟರ್ ತಂತಿಯನ್ನು ಕಾಯುವುದಕ್ಕೆ. ದಾರಿಯಲ್ಲಿ ಎಲ್ಲಾದರೂ ಹೊದಿಕೆ ಹರಿದು ತಂತಿ ತಗಡಿಗೆ ತಾಗಿದರೆ ಬ್ಯಾಟರಿಯ ಅಷ್ಟೂ ಶಕ್ತಿ ಅಲ್ಲಿ ಹರಿದು ಬೆಂಕಿ ಹತ್ತಿಕೊಳ್ಳಬಹುದು. ಫ್ಯೂಸನ್ನು ಡಿಕ್ಕಿಯಲ್ಲಿ ಇಟ್ಟರೆ ಊರು ಸುಟ್ಟ ಮೇಲೆ ಬಾವಿ ತೋಡಿದ ಹಾಗೆ. ಅಂದಹಾಗೆ, ಪದೇ ಪದೇ ಸುಡುತ್ತದೆ ಎಂದು 40ರ ಜಾಗಕ್ಕೆ 100ರದ್ದನ್ನು ತುರುಕುವುದೂ ಅದೇ ಜಾತಿಯ ಬುದ್ಧಿವಂತಿಕೆ.

ಒಳಗೆ ಬಂದ ಕೇಬಲನ್ನು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಒಂದು ಬದಿಯಿಂದ ಹಿಂದಕ್ಕೆ ಒಯ್ಯಿರಿ. ಆರ್‌ಸಿಎ ಸಿಗ್ನಲ್ ಕೇಬಲ್ ಇನ್ನೊಂದು ಬದಿಯಿಂದ ಹೋಗಲಿ. ಎರಡನ್ನೂ ಒಟ್ಟಿಗೆ ಕಟ್ಟಿ ಎಳೆದರೆ ಪವರ್ ಕೇಬಲಿನ ಗದ್ದಲ ಹಾಡಿನೊಳಗೆ ನುಸುಳಬಹುದು. ಸ್ಟೀರಿಯೊದ ಹಿಂದಿನಿಂದ ಇನ್ನೊಂದು ತೆಳು ತಂತಿಯೂ ಬೇಕು: ಸ್ಟೀರಿಯೊ ಹಾಕಿದಾಗ ಮಾತ್ರ ಆಂಪ್ಲಿಫೈಯರನ್ನು ಎಬ್ಬಿಸುವ ‘ರಿಮೋಟ್’ ತಂತಿ. ಹೊರಗಿನಿಂದ ತಂದು ಹಾಕಿಸುವ ಸ್ಟೀರಿಯೊಗಳಲ್ಲಿ ಅದು ಸಾಮಾನ್ಯವಾಗಿ ನೀಲಿಯ ಮೇಲೆ ಬಿಳಿ ಗೆರೆ ಇರುವ ತಂತಿ. ಇದರ ಬದಲು ಆಂಪ್ಲಿಫೈಯರಿನ ರಿಮೋಟ್ ಟರ್ಮಿನಲನ್ನು ನೇರ ಬ್ಯಾಟರಿಗೆ ಜೋಡಿಸಿದರೆ ಆಂಪ್ಲಿಫೈಯರ್ ರಾತ್ರಿಯಿಡೀ ಎಚ್ಚರವಿದ್ದು, ಬೆಳಿಗ್ಗೆ ನೀವು ಕಾರು ತಳ್ಳಬೇಕಾಗುತ್ತದೆ.

ಕಂಪನಿಯ ಟಚ್‌ಸ್ಕ್ರೀನನ್ನೇ ಉಳಿಸಿಕೊಳ್ಳುವವರಿಗೆ ಆರ್‌ಸಿಎ ಹೊರದಾರಿ ಸಿಗುವುದು ಅಪರೂಪ. ಅಂಥವರು ಸ್ಪೀಕರ್ ತಂತಿಯನ್ನೇ ಒಳಗೆ ತೆಗೆದುಕೊಳ್ಳುವ ‘ಹೈ ಲೆವೆಲ್’ ಇನ್‌ಪುಟ್ ಇರುವ ಆಂಪ್ಲಿಫೈಯರ್ ಆರಿಸಿಕೊಳ್ಳಲಿ. ಕಂಪನಿಯ ತಂತಿಗಳನ್ನು ಕತ್ತರಿಸಬೇಡಿ. ಆಯಾ ಕಾರಿಗೆ ಹೊಂದುವ ಕಪ್ಲರ್ ಸಿಗುತ್ತದೆ, ನಡುವೆ ಸಿಕ್ಕಿಸಿದರಾಯಿತು. ತಂತಿ ಕತ್ತರಿಸಿದ್ದು ಕಂಡರೆ ವಾರಂಟಿಯ ಮಾತು ಬಂದಾಗ ಸರ್ವಿಸ್ ಸೆಂಟರಿನವರ ಮುಖ ಬೇರೆಯಾಗುತ್ತದೆ.

ಬಣ್ಣ ಕೆರೆಯಿರಿ

ನೆಗೆಟಿವ್ ತಂತಿ ಪವರ್ ಕೇಬಲಿನಷ್ಟೇ ದಪ್ಪವಿರಲಿ, ಒಂದೂವರೆ ಅಡಿಗಿಂತ ಉದ್ದ ಬೇಡ. ಡಿಕ್ಕಿಯಲ್ಲಿ ಕಾರಿನ ಮೈಗೆ ಸೇರಿದ ಗಟ್ಟಿ ತಗಡು ಹುಡುಕಿ. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ, ಅದು ಜೀವ ಕಾಯುವ ಬೋಲ್ಟ್. ಹೊಸ ತೂತು ಕೊರೆಯುವುದಾದರೆ ಮೊದಲು ಕಾರಿನ ಅಡಿಗೆ ಬಗ್ಗಿ ನೋಡಿ; ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಜಾಗ ಗೊತ್ತಾದ ಮೇಲೆ ತಗಡು ಫಳಫಳ ಹೊಳೆಯುವವರೆಗೆ ಬಣ್ಣ ಕೆರೆದು, ತಂತಿಯ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಉಂಗುರ) ಹಾಕಿ ಒತ್ತಿಸಿ, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ತುಕ್ಕು ಹಿಡಿಯದಂತೆ ಮೇಲೆ ಸ್ವಲ್ಪ ಗ್ರೀಸ್ ಅಥವಾ ಬಣ್ಣ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಕಾರಿನ ಮೈಯ ಬೇರೊಂದು ಕಡೆಯ ಬರಿಯ ತಗಡಿಗೂ ಆಂಪ್ಲಿಫೈಯರಿನ ನೆಗೆಟಿವ್‌ಗೂ ನಡುವೆ ಅಳೆಯಿರಿ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯೇ ಇಲ್ಲೂ ಬಂದರೆ ಸರಿ.

ಬಾಗಿಲೂ ಒಂದು ಪೆಟ್ಟಿಗೆಯೇ

ಬಾಗಿಲಿನ ವೂಫರ್ ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಸದ್ದು ಮಾಡುತ್ತದೆ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ತೂತುಗಳಿದ್ದರೆ ಹಿಂದಿನ ಸದ್ದು ನುಗ್ಗಿಬಂದು ಮುಂದಿನ ತಗ್ಗು ಸದ್ದನ್ನು ನುಂಗಿಹಾಕುತ್ತದೆ. ಡಾಂಬರಿನದಲ್ಲದ, ಬ್ಯುಟೈಲ್ ರಬ್ಬರಿನ ಅಂಟುಹಾಳೆ ತಂದು ಹೊರತಗಡಿನ ಒಳಮೈಗೆ ಅಂಟಿಸಿ, ಒಳತಗಡಿನ ತೂತುಗಳನ್ನೂ ಮುಚ್ಚಿ. ಡಾಂಬರಿನ ಹಾಳೆ ಬೇಸಿಗೆಯಲ್ಲಿ ಕರಗಿ ವಾಸನೆ ಹೊಡೆಯುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗುವ ಸಣ್ಣ ಕಿಂಡಿಗಳಿರುತ್ತವೆ. ಅವನ್ನು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಮಲೆನಾಡಿನ ಒಂದೇ ಮಳೆಗಾಲಕ್ಕೆ ಬಾಗಿಲು ಕೆರೆಯಾಗುತ್ತದೆ. ದುಬಾರಿ ಸ್ಪೀಕರಿಗಿಂತ ಈ ಹಾಳೆಗೆ ಹಾಕಿದ ದುಡ್ಡು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಜೋಡಿಯಲ್ಲಿ ಒಂದು ಸ್ಪೀಕರಿನ ಪಾಸಿಟಿವ್, ನೆಗೆಟಿವ್ ಅದಲುಬದಲಾದರೆ ಸದ್ದು ಬರುತ್ತದೆ, ಆದರೆ ಬೇಸ್ ಮಾಯವಾಗುತ್ತದೆ. ಅನುಮಾನವಿದ್ದರೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಸೆಲ್ಲಿನ ಪಾಸಿಟಿವ್ ಸ್ಪೀಕರಿನ ಪಾಸಿಟಿವ್‌ಗೆ ತಾಗಿದ್ದರೆ ಕೋನ್ ಹೊರಕ್ಕೆ ನೆಗೆಯುತ್ತದೆ. ಒಳಕ್ಕೆ ಸರಿದರೆ ತಂತಿ ಉಲ್ಟಾ ಆಗಿದೆ.

ಗೇನ್ ಎಂದರೆ ವಾಲ್ಯೂಮ್ ಅಲ್ಲ

ಈಗ ಬ್ಯಾಟರಿ ಜೋಡಿಸಿ, ಆಂಪ್ಲಿಫೈಯರಿನ ದೀಪ ಹಸಿರು ಅಥವಾ ನೀಲಿ ಬಂದಿದೆಯೇ ನೋಡಿ. ಬಹಳಷ್ಟು ಸ್ಪೀಕರ್‌ಗಳು ಸಾಯುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೇನ್ ತಿರುಪು ಕಂಡೊಡನೆ ಬಲಕ್ಕೆ ಪೂರ್ತಿ ತಿರುಗಿಸುವವರೇ ಹೆಚ್ಚು. ಗೇನ್ ಇರುವುದು ಸ್ಟೀರಿಯೊದ ಸಿಗ್ನಲಿಗೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡಲು. ಮಿತಿ ಮೀರಿ ತಿರುಗಿಸಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ, ಟ್ವೀಟರ್ ಸುಡುತ್ತದೆ.

ಸರಿಯಾದ ಬಗೆ ಹೀಗೆ. ಸ್ಪೀಕರ್ ತಂತಿಗಳನ್ನು ಆಂಪ್ಲಿಫೈಯರ್‌ನಿಂದ ಕಳಚಿ. ಗೇನ್ ಸೊನ್ನೆಗೆ, ಸ್ಟೀರಿಯೊದ ಬೇಸ್, ಟ್ರೆಬಲ್ ಎಲ್ಲವೂ ಮಧ್ಯಕ್ಕೆ, ಆಂಪ್ಲಿಫೈಯರಿನ ಬೇಸ್ ಬೂಸ್ಟ್ ಸೊನ್ನೆಗೆ, ಫಿಲ್ಟರ್‌ಗಳು ಆಫ್. ಎಂಜಿನ್ ಓಡುತ್ತಿರಲಿ; ಅದಕ್ಕಾಗಿ ಕಾರು ಬಯಲಿನಲ್ಲಿ ನಿಂತಿರಲಿ, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಬೇಡ. ಪೆನ್‌ಡ್ರೈವ್‌ನಲ್ಲಿ ಟೆಸ್ಟ್ ಟೋನ್ ಹಾಕಿಕೊಳ್ಳಿ: ಬಾಗಿಲಿನ ಚಾನೆಲಿಗೆ 1000 ಹರ್ಟ್ಸ್, ಸಬ್‌ವೂಫರಿಗೆ 50 ಹರ್ಟ್ಸ್. ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗೆ ತಂದು, ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ಗೆ ಇಟ್ಟು ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲಿಗೆ ಹಿಡಿಯಿರಿ. ಎಷ್ಟು ವೋಲ್ಟ್ ಬರಬೇಕು? ವ್ಯಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆಯಿರಿ. 75 ಗುಣಿಸು 4 ಎಂದರೆ 300, ಅದರ ವರ್ಗಮೂಲ 17.3 ವೋಲ್ಟ್. ಸಬ್‌ವೂಫರಿಗೆ 220 ಗುಣಿಸು 4 ಎಂದರೆ 880, ಸುಮಾರು 29.7 ವೋಲ್ಟ್. ಮೀಟರಿನಲ್ಲಿ ಆ ಅಂಕಿ ಬರುವವರೆಗೆ ಗೇನನ್ನು ಮೆಲ್ಲಗೆ ತಿರುಗಿಸಿ, ಅಲ್ಲೇ ನಿಲ್ಲಿಸಿ. ಆ ವಾಲ್ಯೂಮ್ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಹೋಗುವ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ.

ಇನ್ನು ಫಿಲ್ಟರ್. ಬಾಗಿಲಿನ ಚಾನೆಲಿಗೆ ಹೈಪಾಸ್ 80 ಹರ್ಟ್ಸ್ (ಅದಕ್ಕಿಂತ ಮೇಲಿನ ಸದ್ದನ್ನು ಮಾತ್ರ ಬಿಡುತ್ತದೆ), ಸಬ್‌ವೂಫರಿಗೆ ಲೋಪಾಸ್ 80 ಹರ್ಟ್ಸ್ (ಅದಕ್ಕಿಂತ ಕೆಳಗಿನದನ್ನು ಮಾತ್ರ). ಶುರುವಿಗೆ ಇಷ್ಟು ಸಾಕು. ಮತ್ತೆ ತಂತಿ ಜೋಡಿಸಿ ಮೃದಂಗ ಚೆನ್ನಾಗಿ ಕೇಳುವ ಯಾವುದಾದರೂ ಕಛೇರಿಯ ಧ್ವನಿಮುದ್ರಣ ಹಾಕಿ. ಎಡಮುಖದ ಗುಮುಕಿ ಡಿಕ್ಕಿಯಿಂದ ಬಂದಂತೆ ಕೇಳಿದರೆ ಸಬ್‌ವೂಫರಿನ ಗೇನ್ ಇಳಿಸಿ, ಇಲ್ಲವೇ ಅದರ ಫೇಸ್ ಸ್ವಿಚ್ಚನ್ನು ಬದಲಿಸಿ ನೋಡಿ. ಮುಂದಿನ ಗಾಜಿನ ಕಡೆಯಿಂದಲೇ ಬಂದಂತೆ ಕೇಳಿಸುವವರೆಗೆ ಈ ಆಟ. ಸ್ಟೀರಿಯೊದಲ್ಲಿ ‘ಟೈಮ್ ಅಲೈನ್‌ಮೆಂಟ್’ ಇದ್ದರೆ ಅದನ್ನೂ ಬಳಸಿ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲ ಸ್ಪೀಕರ್ ಹತ್ತಿರ, ಎಡದ್ದು ದೂರ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ತಲೆಯಿಂದ ಎರಡೂ ಸ್ಪೀಕರಿಗೆ ಟೇಪು ಹಿಡಿದು ಅಳೆದು, 60 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಬಲದ್ದನ್ನು 1.75 ಮಿಲಿಸೆಕೆಂಡ್ ತಡಮಾಡಿಸಿ. ಗಾಯಕಿ ಬಲಬಾಗಿಲಿನಿಂದ ಎದ್ದು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂರುತ್ತಾಳೆ.

ಒಂದು ತಿಂಗಳು ಓಡಿಸಿದ ಮೇಲೆ ನೆಗೆಟಿವ್ ಬೋಲ್ಟನ್ನೂ ಬ್ಯಾಟರಿ ಟರ್ಮಿನಲನ್ನೂ ಮತ್ತೊಮ್ಮೆ ಬಿಗಿಮಾಡಿ. ಅಷ್ಟರೊಳಗೆ ಡಿಕ್ಕಿಯ ಕಡೆಯಿಂದ ಗಡಗಡ ಸದ್ದು ಶುರುವಾಗಿದ್ದರೆ ಸಬ್‌ವೂಫರನ್ನು ಬೈಯುವ ಮೊದಲು ಹಿಂದಿನ ನಂಬರ್ ಪ್ಲೇಟನ್ನು ಒತ್ತಿ ಹಿಡಿದು ಕೇಳಿ. ಹತ್ತರಲ್ಲಿ ಎಂಟು ಸಲ ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ. ಅದರ ಬೆನ್ನಿಗೆ ಒಂದು ತುಂಡು ಫೋಮ್ ಅಂಟಿಸಿ.