ಹಳೆ ವಖಾರಿಗೆ ಹೊಸ ಕೆಲಸ: ಕುಮಟಾದಲ್ಲಿ ನನ್ನ ಅನುಭವ

ಕುಮಟಾ ಪೇಟೆಯಲ್ಲಿ ಖಾಲಿ ಬಿದ್ದಿದ್ದ ಒಂದು ವಖಾರಿಯನ್ನು, ಅಂದರೆ ಹಳೆ ಗೋದಾಮನ್ನು, ನಾವು ಓದುವ ಕೋಣೆ ಮಾಡಿದೆವು. ಒಂದು ಬದಿ ಪುಸ್ತಕ, ಇನ್ನೊಂದು ಬದಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಜಾಗ. ಇಂಟೀರಿಯರ್ ಆರ್ಕಿಟೆಕ್ಚರ್ ಓದಿ ಬಂದ ಮೇಲೆ ಪೂರ್ತಿ ಹೊಣೆ ಹೊತ್ತು ಮಾಡಿದ ಮೊದಲ ಕೆಲಸ ಇದು. ಈ ಓದಿಗೆ ಹೋಗಬೇಕು ಅಂದುಕೊಂಡವರು ಈಗೀಗ ಶಿರಸಿ, ಹೊನ್ನಾವರ ಕಡೆಯಿಂದ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಓದಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ, 5 ವರ್ಷ. ನಾಟಾ ಇಲ್ಲವೇ ಜೆಇಇಯ ಎರಡನೇ ಪೇಪರ್, ಈ ಎರಡರಲ್ಲೊಂದು ಪ್ರವೇಶ ಪರೀಕ್ಷೆ ಬರೆದು ಸೇರಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಬೋರ್ಡು ಹಾಕಬಹುದು. ಇಂಟೀರಿಯರ್ ಮಾತ್ರ ಓದಿದವರಿಗೆ ಆ ಹೆಸರು ಸಿಗುವುದಿಲ್ಲ. ನಾನು ಬಿ.ಆರ್ಕ್ ಮುಗಿಸಿ ಆಮೇಲೆ ಇಂಟೀರಿಯರ್‌ನಲ್ಲಿ ಮಾಸ್ಟರ್ಸ್ ಮಾಡಿದೆ. ಹಳೆ ಕಟ್ಟಡಕ್ಕೆ ಕೈ ಹಾಕುವ ಆಸೆ ಇದ್ದವರಿಗೆ ಇದೇ ದಾರಿ ಹೇಳುತ್ತೇನೆ. ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಸುಮ್ನೆ ನಿಂತಿದೆ ಅಂತ ಗೊತ್ತಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಬಿ.ಆರ್ಕ್‌ನಲ್ಲಿ ನಮಗೆ ಕೊಡುತ್ತಿದ್ದದ್ದು ಖಾಲಿ ಸೈಟು. ಮಾಸ್ಟರ್ಸ್‌ನಲ್ಲಿ ಒಮ್ಮೆಯೂ ಖಾಲಿ ಸೈಟು ಸಿಗಲಿಲ್ಲ. ಯಾವಾಗಲೂ ಇರುವ ಕಟ್ಟಡವೇ: ಮುಚ್ಚಿದ ಗಿರಣಿ, ಹಾಳು ಬಿದ್ದ ಛತ್ರ, ಬಸ್ ಡಿಪೋ. ಮೊದಲ ಕೆಲಸ ಅಳತೆ. ಆ ಅಳತೆಯ ನಕ್ಷೆ ಸರಿ ಬರುವ ತನಕ ಡಿಸೈನ್ ಅನ್ನುವ ಮಾತು ಎತ್ತುವ ಹಾಗಿರಲಿಲ್ಲ. ಆಗ ಬೇಜಾರಾಗುತ್ತಿತ್ತು. ಈಗ ಅನಿಸುತ್ತದೆ, ಕಾಲೇಜಿನಿಂದ ಹೊತ್ತು ತಂದದ್ದರಲ್ಲಿ ದಿನಾ ಉಪಯೋಗಕ್ಕೆ ಬರುವುದು ಅದೊಂದೇ.

ಪಾಠದಲ್ಲಿ ತೋರಿಸಿದ ಕಟ್ಟಡಗಳಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಇಟಲಿಯ ವೆರೋನಾದ ಕಾಸ್ತೆಲ್‌ವೆಕ್ಕಿಯೊ. ಮೊದಲೇ ಮ್ಯೂಸಿಯಂ ಆಗಿದ್ದ ಹಳೆಯ ಕೋಟೆಯನ್ನು ಆರ್ಕಿಟೆಕ್ಟ್ ಕಾರ್ಲೊ ಸ್ಕಾರ್ಪಾ ಹೊಸದಾಗಿ ರೂಪಿಸಿದ್ದು. ಅಲ್ಲಿ ಹೊಸ ನೆಲ ಹಳೆ ಗೋಡೆಗೆ ಮುಟ್ಟುವುದಿಲ್ಲ, ಸ್ವಲ್ಪ ಹಿಂದೆಯೇ ನಿಲ್ಲುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಆ ಸಂದಿಯೇ ಹೇಳುತ್ತದೆ. ಲಂಡನ್ನಿನ ಟೇಟ್ ಮಾಡರ್ನ್ ಹಿಂದೆ ವಿದ್ಯುತ್ ಸ್ಥಾವರವಾಗಿತ್ತು, 2000ದಲ್ಲಿ ಕಲಾ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಅವೆರಡನ್ನೂ ನಾನು ಫೋಟೊದಲ್ಲಷ್ಟೇ ನೋಡಿದ್ದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆ 2009ರಲ್ಲಿ ಆಧುನಿಕ ಕಲಾ ಗ್ಯಾಲರಿ ಆಯಿತು. ಹಳೆ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಗಿ ಕೂತಿದೆ. ಇವೆರಡನ್ನೂ ಒಂದೇ ದಿನದಲ್ಲಿ ನೋಡಬಹುದು, ನೋಡಿ.

ಕಾರವಾರದವರು ತಮ್ಮಲ್ಲೂ ಒಂದಿದೆ ಅನ್ನುತ್ತಾರೆ: ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್. ನೌಕಾಪಡೆಯಿಂದ ನಿವೃತ್ತಿಯಾದ ಕ್ಷಿಪಣಿ ದೋಣಿ ಈಗ ಮ್ಯೂಸಿಯಂ. ಚೆನ್ನಾಗಿದೆ, ಮಕ್ಕಳಿಗೆ ತೋರಿಸಲೇಬೇಕು. ಆದರೆ ಅದು ದೋಣಿಯಾಗಿಯೇ ನಿಂತು ತನ್ನನ್ನೇ ತೋರಿಸುತ್ತಿದೆ. ನಾನು ಹೇಳುತ್ತಿರುವುದು ಹಳೆಯದಕ್ಕೆ ಬೇರೆಯೇ ಉದ್ಯೋಗ ಕೊಡುವುದರ ಬಗ್ಗೆ. ಅದರ ಕಷ್ಟ ಬೇರೆ.

ಇನ್ನು ವಖಾರಿಗೆ ಬರುತ್ತೇನೆ. ಕುಮಟಾದಲ್ಲಿ ವಖಾರಿ ಯಾಕಿವೆ ಅಂತ ಕೇಳಿದರೆ ಹತ್ತಿಯ ಕಥೆ ಹೇಳಬೇಕಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಅದು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಹಡಗು ಹತ್ತಿ ಮುಂಬೈಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಅದಕ್ಕೆ ಹೆಸರು ಕುಮಟಾ ಹತ್ತಿ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದಕ್ಕೂ ಈ ವ್ಯಾಪಾರದ ನಂಟಿದೆ. ಮುಂದೆ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು, ಹತ್ತಿ ಆ ಕಡೆ ತಿರುಗಿತು.

ನಮ್ಮ ವಖಾರಿ ಅಷ್ಟು ಹಳೆಯದಲ್ಲ. ಅಡಿಕೆ, ಕೊಬ್ಬರಿ ಇಡಲು ಕಟ್ಟಿದ್ದು. ಚಿರೇಕಲ್ಲಿನ ದಪ್ಪ ಗೋಡೆ, ಮೇಲೆ ಮಂಗಳೂರು ಹಂಚು, ರಸ್ತೆ ಕಡೆ ಹಲಗೆ ಬಾಗಿಲು, ಎತ್ತರದಲ್ಲಿ ಸಣ್ಣ ಕಿಂಡಿಗಳು. ಕಿಟಕಿ ಅನ್ನುವಂಥದ್ದು ಇಲ್ಲವೇ ಇಲ್ಲ. ಮಾಲೀಕರು ನಿವೃತ್ತ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಒಡೆದು ಕಾಂಪ್ಲೆಕ್ಸ್ ಕಟ್ಟೋಣ ಅಂತ ಮನೆಯವರು ಹೇಳುತ್ತಿದ್ದರು. ಅಕ್ಕೋರಿಗೆ ಮಾತ್ರ ಹೈಸ್ಕೂಲ್ ಮಕ್ಕಳು ಸಂಜೆ ಬಂದು ಕೂತು ಓದುವ ಜಾಗ ಬೇಕಿತ್ತು.

ಕೂಡಲೇ ನಕ್ಷೆ ಬರೆಯಲಿಲ್ಲ. ಒಂದು ಮಳೆಗಾಲ ಪೂರ್ತಿ ಕಟ್ಟಡವನ್ನು ನೋಡಿದೆವು. ಕರಾವಳಿಯಲ್ಲಿ ಹಳೆ ಕಟ್ಟಡದ ಕೆಲಸ ಮಾಡುವವರು ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು ಅಂತ ನನ್ನ ಹಟ. ಮಾರ್ಚ್‌ನಲ್ಲಿ ನೋಡಿದರೆ ಎಲ್ಲ ಗೋಡೆಯೂ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಜುಲೈನಲ್ಲಿ ಬಂದರೆ ನೀರು ಎಲ್ಲಿಂದ ಇಳಿಯುತ್ತದೆ, ನೆಲದಿಂದ ಎಷ್ಟು ಎತ್ತರಕ್ಕೆ ಏರುತ್ತದೆ, ಯಾವ ಮೂಲೆಗೆ ಗಾಳಿ ಇರಚಲು ಹೊಡೆಯುತ್ತದೆ, ಎಲ್ಲ ಗೊತ್ತಾಗುತ್ತದೆ. ತೇವ ಏರಿದ ಗೆರೆಯನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ತಾರೀಖು ಬರೆದೆವು. ಪಡುವಣ ಗೋಡೆಯಲ್ಲಿ ಆ ಗೆರೆ ಎದೆಮಟ್ಟಕ್ಕೆ ಬಂತು. ಮೂಡಣದಲ್ಲಿ ಮೊಣಕಾಲು ದಾಟಲಿಲ್ಲ. ಪುಸ್ತಕ ಯಾವ ಬದಿ ಇಡಬೇಕು ಅನ್ನುವುದು ಅಲ್ಲೇ ತೀರ್ಮಾನ ಆಯಿತು.

ಅಳತೆಗೆ ಲೇಸರ್ ಮೀಟರ್ ಇತ್ತು. ಆದರೂ ನೆಲದ ಮಟ್ಟ ನೋಡಲು ಗವಂಡಿ ಮೇಸ್ತ್ರಿ ತಂದ ನೀರಿನ ಪೈಪೇ ಸಾಕಾಯಿತು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಎರಡು ಗೋಡೆಗೆ ಹಿಡಿದರೆ ನೀರು ನಿಂತಲ್ಲಿ ಮಟ್ಟ. ಕೋಣೆಯ ಎರಡೂ ಕರ್ಣ ಅಳೆಯುವುದನ್ನು ಮಾತ್ರ ಬಿಡಬೇಡಿ. ಹಳೆ ಕಟ್ಟಡದಲ್ಲಿ ಮೂಲೆಗಳು ಮೂಲೆಮಟ್ಟಕ್ಕೆ ಇರುವುದು ಅಪರೂಪ. ಕರ್ಣ ಅಳೆಯದೆ ಕಪಾಟು ಮಾಡಿಸಿದರೆ ಕೊನೆಗೆ ಒಂದು ತುದಿಯಲ್ಲಿ ಬೆರಳು ತೂರುವಷ್ಟು ಸಂದಿ.

ಪಡುವಣ ಗೋಡೆಗೆ ಯಾವುದೋ ಕಾಲದಲ್ಲಿ ಒಳಗಿನಿಂದ ಸಿಮೆಂಟ್ ಗಿಲಾಯಿ ಮಾಡಿದ್ದರು. ಬೆರಳ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು. ಮೇಸ್ತ್ರಿ ಉಳಿಯಲ್ಲಿ ಒಂದು ಹಪ್ಪಳೆ ಎಬ್ಬಿಸಿದರು. ಹಿಂದಿನ ಚಿರೇಕಲ್ಲು ಬೆರಳಿಗೆ ಪುಡಿಯಾಗಿ ಬಂತು, ಮೇಲೆ ಬಿಳಿ ಉಪ್ಪು. 'ಸಿಮೆಂಟ್ ಹಾಕಿದ್ರೆ ಗೋಡೆಗೆ ಉಸಿರು ಕಟ್ತದೆ ತಂಗಿ' ಅಂದರು. ಪುಸ್ತಕದಲ್ಲಿ ಇದನ್ನೇ ಪುಟಗಟ್ಟಲೆ ಬರೆದಿರುತ್ತಾರೆ. ಚಿರೇಕಲ್ಲು ರಂಧ್ರ ರಂಧ್ರ, ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಎಳೆದುಕೊಂಡ ನೀರು ಮೈಮೇಲಿಂದ ಆರಬೇಕು. ಸಿಮೆಂಟ್ ಅದಕ್ಕೆ ದಾರಿ ಕೊಡದಿದ್ದರೆ ನೀರು ಇನ್ನೂ ಮೇಲೇರುತ್ತದೆ. ಆರುವ ಕಡೆ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನು ಒಡೆಯುತ್ತದೆ.

ಸಿಮೆಂಟ್ ಪೂರ್ತಿ ಕೆತ್ತಿಸಿ ಗೋಡೆಯನ್ನು ಹಾಗೇ ಆರಲು ಬಿಟ್ಟೆವು. ದೀಪಾವಳಿ ಕಳೆದ ಮೇಲೆ ಸುಣ್ಣದ ಗಾರೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಈಗಲೂ ಹುಡುಕಿದರೆ ಸಿಗುತ್ತದೆ. ಅದನ್ನು ನೀರಲ್ಲಿ ನೆನೆಹಾಕಿ, ಕೆನೆಯಂತೆ ಆದ ಮೇಲೆ 1 ಪಾಲು ಸುಣ್ಣಕ್ಕೆ 3 ಪಾಲು ಮರಳು. ಸಮುದ್ರದ ಮರಳು ಖಂಡಿತ ಬೇಡ, ಅದರಲ್ಲೇ ಉಪ್ಪಿರುತ್ತದೆ. ಬೆಲ್ಲದ ನೀರು ಹಾಕಲೇಬೇಕು ಅಂತ ಮೇಸ್ತ್ರಿ ಪಟ್ಟು ಹಿಡಿದರು, ಹಾಕಿದೆವು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ತೆಳ್ಳಗೆ ಒಂದು ಪದರ, ಅದು ಬಿಗಿದ ಮೇಲೆ ಇನ್ನೊಂದು. ಅವಸರ ಇದ್ದವರಿಗೆ ಇದು ಆಗುವ ಕೆಲಸವಲ್ಲ.

ಮಾಡಿನ ಕೆಲಸ ಇದಕ್ಕಿಂತ ಖುಷಿ ಕೊಟ್ಟಿತು. ಹಂಚು ಎಲ್ಲ ಇಳಿಸಿದೆವು. ಹಂಚು ಹೊರುವ ಪಕಾಸಿಗಳ ತುದಿ, ಅಂದರೆ ಗೋಡೆ ಮೇಲೆ ಕೂರುವ ಜಾಗ, ಮೊದಲು ಕೆಡುವುದು ಅಲ್ಲೇ. ಸ್ಕ್ರೂಡ್ರೈವರ್ ಚುಚ್ಚಿ ನೋಡಿದರೆ ಸಾಕು, ಒಳಗೆ ಇಳಿದರೆ ಒರಲೆಯೋ ಕೊಳೆತವೋ ಇದೆ ಅಂತ ಅರ್ಥ. ಕೆಟ್ಟ ತುದಿ ಕತ್ತರಿಸಿ ಆಚಾರಿಯವರು ಹಳೆ ಮರವನ್ನೇ ಜೋಡಿಸಿದರು. ಹೆದ್ದಾರಿ ಅಗಲ ಮಾಡುವಾಗ ಒಡೆದ ಮನೆಗಳ ತೊಲೆ, ಜಂತಿ ನಮ್ಮಲ್ಲಿ ಬೇಕಾದಷ್ಟು ಕೈ ಬದಲಾಗುತ್ತಿವೆ. ಮೊಳೆ ಕಿತ್ತು, ರಂದ ಹೊಡೆದರೆ ಹೊಸ ಮರಕ್ಕಿಂತ ಚೆನ್ನ, ಆರಿ ಆರಿ ಸೊಟ್ಟಗಾಗುವ ಭಯ ಇಲ್ಲ.

ಹಂಚಿನ ವಿಷಯದಲ್ಲಿ ಒಂದು ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಕಾರ್ಖಾನೆಗಳು ಹುಟ್ಟಿದವು. ಪ್ರತಿ ಹಂಚಿನ ಮೈಯಲ್ಲಿ ಅದರ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಸುಮ್ನೆ ಚಂದಕ್ಕೆ ಅಲ್ಲ ಅಂತ ನನಗೆ ಗೊತ್ತಾದದ್ದು ಮಾಡಿನ ಮೇಲೆ. ಒಂದೊಂದು ಅಚ್ಚಿನ ಗಾಡಿ, ಅಂದರೆ ಹಂಚಿಗೆ ಹಂಚು ಸಿಕ್ಕಿಕೊಳ್ಳುವ ತೋಡು, ಒಂದೊಂದು ತರ. ಬೇರೆ ಬೇರೆ ಕಾರ್ಖಾನೆಯದು ಬೆರಸಿದರೆ ಒಂದರೊಳಗೊಂದು ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ. ಹಾಗಾಗಿ ಹೆಸರು ನೋಡಿ ವಿಂಗಡಿಸಿ, ಒಂದು ಇಳಿಜಾರಿಗೆ ಒಂದೇ ಅಚ್ಚಿನ ಹಂಚು ಹಾಕಿದೆವು. ತಟ್ಟಿದಾಗ 'ಠಣ್' ಅಂದರೆ ಒಳ್ಳೆಯದು, 'ದಪ್' ಅಂದರೆ ಬಿರುಕು. ಬಿರುಕಿನವು ಅಂಗಳದ ಗಿಡಗಳ ಅಂಚಿಗೆ ಹೋದವು.

ಬೆಳಕಿನ ವಿಷಯದಲ್ಲಿ ಪಠ್ಯಪುಸ್ತಕ ಸಹಾಯ ಮಾಡಲಿಲ್ಲ. ಬಡಗಣ ಬೆಳಕು ತಂಪು, ನೇರ ಬಿಸಿಲು ಬೀಳುವುದಿಲ್ಲ ಅಂತ ಅದರಲ್ಲಿದೆ. ಅದು ಯುರೋಪಿನ ಮಾತು. ಕುಮಟಾ ಇರುವುದು 14 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಇಳಿಜಾರು ಮಾಡಿನಲ್ಲಿ ಬಡಗಣ ಬದಿಗೆ ಗಾಜಿನ ಹಂಚು ಹಾಕಿದರೂ ಬಿಸಿಲು ಒಳಗೆ ಬಂದೇ ಬರುತ್ತದೆ. ಅದಕ್ಕೆ ಗಾಜಿನ ಹಂಚನ್ನು ಮೇಜುಗಳ ಮೇಲೆ ಹಾಕದೆ ನಡುವಿನ ಓಡಾಟದ ದಾರಿ ಮೇಲೆ ಸಾಲಾಗಿ ಹಾಕಿದೆವು. ಅದರ ಕೆಳಗೆ ಮರದ ಪಟ್ಟಿಗಳ ಜಾಲಿ. ಬೆಳಕು ಸುಣ್ಣದ ಗೋಡೆಗೆ ಬಿದ್ದು ಅಲ್ಲಿಂದ ಓದುವವರಿಗೆ ಬರುತ್ತದೆ. ಗೋಡೆ ಒಡೆದು ಕಿಟಕಿ ಇಡಬೇಕು ಅಂತ ಎಲ್ಲರೂ ಹೇಳಿದರು. ಒಂದನ್ನೂ ಇಡಲಿಲ್ಲ. ಎತ್ತರದ ಕಿಂಡಿಗಳು ಬಿಸಿ ಗಾಳಿಯನ್ನು ಹೊರಗೆ ಬಿಡುತ್ತಿದ್ದವು, ಅವನ್ನು ಬರೀ ಚೊಕ್ಕ ಮಾಡಿ ಹಕ್ಕಿ ಬಾರದ ಹಾಗೆ ಬಲೆ ಹಾಕಿದೆವು.

ಮೇಲೆ ಒಂದು ಅಟ್ಟ ಬೇಕಿತ್ತು. ಅದನ್ನು ಹಳೆ ಗೋಡೆಗೆ ಸಿಕ್ಕಿಸಲಿಲ್ಲ. ಸ್ವಂತ ಕಂಬ, ಸ್ವಂತ ಅಡಿಪಾಯ, ಗೋಡೆಯಿಂದ ಒಂದು ಗೇಣು ದೂರ. ಲೆಕ್ಕ ಸ್ಟ್ರಕ್ಚರಲ್ ಇಂಜಿನಿಯರ್ ಮಾಡಿಕೊಟ್ಟರು, ಅದಕ್ಕೆ ದುಡ್ಡು ಉಳಿಸಲು ಹೋಗಬೇಡಿ. ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ ಅಂತ ಕಂಬಗಳಿಗೆ ಹಳೆ ಮರವನ್ನೇ ಬಳಸಿದೆವು, ಬೋಲ್ಟುಗಳು ಮಾತ್ರ ಸ್ಟೇನ್‌ಲೆಸ್. ಕಂಬದ ಬುಡ ನೆಲ ಮುಟ್ಟದಂತೆ ಕಲ್ಲಿನ ಮೇಲೆ ಕೂತಿದೆ. ಫ್ಯಾನು, ದೀಪ, ವಯರು ಎಲ್ಲ ಈ ಚೌಕಟ್ಟಿಗೇ. ಗೋಡೆ ಕೊರೆದು ಪೈಪು ಹುದುಗಿಸುವ ಕೆಲಸವೇ ಬರಲಿಲ್ಲ. ಪುಸ್ತಕದ ಕಪಾಟೂ ಮೂಡಣ ಗೋಡೆಯಿಂದ ದೂರ, ಹಿಂಬದಿಗೆ ಹಲಗೆ ಇಲ್ಲ. ಗಾಳಿ ಆಡದಿದ್ದರೆ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಗ್ಯಾರಂಟಿ. ಶೌಚಾಲಯ ಹೊರಗೆ, ಹಿತ್ತಲಲ್ಲಿ ಬೇರೆಯೇ ಮಾಡು.

ಕಾಗದಪತ್ರದ ಬಗ್ಗೆ ಚುಟುಕಾಗಿ: ಬಳಕೆ ಬದಲಾಯಿಸುವುದಕ್ಕೆ ಪುರಸಭೆಯಲ್ಲಿ ಮೊದಲೇ ವಿಚಾರಿಸಿ. ಸಮುದ್ರ, ಹಿನ್ನೀರು ಹತ್ತಿರ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಕೂಡ ನೋಡಬೇಕು.

ಖರ್ಚು ಕಡಿಮೆಯಾಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನಿನ ಖರ್ಚು ಕಡಿಮೆ, ಮಜೂರಿ ಜಾಸ್ತಿ. ಒಟ್ಟಿನಲ್ಲಿ ಹೊಸದು ಕಟ್ಟುವುದಕ್ಕಿಂತ ತುಂಬಾ ಅಗ್ಗ ಅಂತ ಆಸೆ ತೋರಿಸಲಾರೆ. ಆದರೆ ಆ ದುಡ್ಡಿನಲ್ಲಿ ಜಾಸ್ತಿ ಪಾಲು ಊರಿನ ಗವಂಡಿ, ಆಚಾರಿಯವರ ಕೈಗೆ ಹೋಯಿತು.

ಪಡುವಣ ಗೋಡೆಯಲ್ಲಿ ಈಗಲೂ ಅಲ್ಲಲ್ಲಿ ಉಪ್ಪು ಬರುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು. ಹೋದ ಸಲ ಸಿಕ್ಕಾಗ ಅಕ್ಕೋರು ಕೇಳಿದರು, 'ನಾಳೆ ನನ್ನ ಮೊಮ್ಮಕ್ಕಳು ಇದನ್ನ ಮತ್ತೆ ಅಡಿಕೆಯವ್ರಿಗೆ ಬಾಡಿಗೆಗೆ ಕೊಡ್ತೇವೆ ಅಂದ್ರೆ ನೀನು ಬೇಜಾರ್ ಮಾಡ್ಕೊಳ್ತೀಯಾ?' ಇಲ್ಲ ಅಕ್ಕೋರೇ ಅಂದೆ. ಬೋಲ್ಟು ಬಿಚ್ಚಿದರೆ ಅಟ್ಟ ಬಿಡಿಬಿಡಿಯಾಗಿ ಇಳಿಯುತ್ತದೆ. ಯಾವ ತುಂಡು ಎಲ್ಲಿಯದು ಅಂತ ಆಚಾರಿಯವರು ಮರದ ಮೇಲೆ ಉಳಿಯಲ್ಲಿ ನಂಬರು ಕೆತ್ತಿದ್ದಾರೆ. ನಕ್ಷೆಯ ಒಂದು ಪ್ರತಿ ಅಕ್ಕೋರ ಬೀರುವಿನಲ್ಲೇ ಇದೆ.