ಕ್ರೈಸ್ಟ್‌ಚರ್ಚ್‌ಗೆ ಬಂದ್ರೆ ಕೇಟ್ ಶೆಪರ್ಡ್ ಸ್ಮಾರಕನ ಹೇಗೆ ನೋಡ್ಬೇಕು (ಎರಡು ನಿಮಿಷದ ಸೆಲ್ಫಿ ಸಾಲಲ್ಲ ಕಣ್ರೀ)

ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ನ್ಯೂಜಿಲೆಂಡ್‌ಗೆ ಬಂದಾಗ ಕ್ರೈಸ್ಟ್‌ಚರ್ಚ್‌ನಲ್ಲಿ ಎಲ್ಲಾರೂ ಹೊಡ್ಸೋ ರೌಂಡು ಒಂದೇ, ಬೊಟಾನಿಕ್ ಗಾರ್ಡನ್, ಟ್ರಾಮು, ಏವನ್ ನದೀಲಿ ದೋಣಿ, ಆಮೇಲೆ ಮನೆಗೆ ಬಂದು ಅನ್ನ ಸಾರು. ಅದೇ ದಾರೀಲಿ ನದಿ ಪಕ್ಕ ಒಂದು ದೊಡ್ಡ ಕಂಚಿನ ಫಲಕ ನಿಂತಿರುತ್ತೆ, ಉದ್ದುದ್ದ ಲಂಗದ ಹೆಂಗಸರು ಸಾಲಾಗಿ ನಿಂತಿರೋದು. ಅದೇ ಈ ಸ್ಮಾರಕ, ಇಲ್ಲಿನ ಹೆಂಗಸರಿಗೆ ಓಟು ಬೇಕು ಅಂತ ಮುಂದೆ ನಿಂತು ಹೋರಾಡಿದ ಕೇಟ್ ಶೆಪರ್ಡ್ ಮತ್ತೆ ಅವರ ಜೊತೆಗಾರ್ತಿಯರದ್ದು. ಮೊದಲನೇ ಸಲ ನಾನೂ ಅದರ ಮುಂದೆ ಒಂದು ಫೋಟೋ ತಗೊಂಡು ಬಂದ್ಬಿಟ್ಟಿದ್ದೆ. ಏನು ಅಂತ ಗೊತ್ತಾಗಿದ್ದು ಮೂರನೇ ಸಲ ಹೋದಾಗ, ಅದೂ ಅಮ್ಮ "ಯಾರೇ ಇವ್ರೆಲ್ಲಾ" ಅಂತ ಕೇಳಿ ನಾನು ತಬ್ಬಿಬ್ಬಾದ ಮೇಲೆ. ನಿಮಗೆ ಹಂಗಾಗ್ದೇ ಇರ್ಲಿ ಅಂತ ಬರೀತಿದೀನಿ.

ಮೊದಲು ಜಾಗ. ವೂಸ್ಟರ್ ಬುಲೆವಾರ್ಡ್ ನದಿ ದಾಟೋ ಕಡೆ, ಆಕ್ಸ್‌ಫರ್ಡ್ ಟೆರೇಸ್ ಮೂಲೇಲಿ ಕೆಂಪು ಇಟ್ಟಿಗೆದೊಂದು ಚೆಂದದ ಹಳೇ ಕಟ್ಟಡ ಇದೆ, 1887ರದ್ದು, ಅದರ ಪಕ್ಕಾನೇ ಸ್ಮಾರಕ. ಟ್ರಾಮ್ ಆ ರೋಡಲ್ಲೇ ಹೋಗುತ್ತೆ, ಬಸ್ ಇಂಟರ್‌ಚೇಂಜಿಂದ ಆರಾಮಾಗಿ ನಡ್ಕೊಂಡು ಹೋಗ್ಬೋದು. ಟಿಕೆಟ್ ಇಲ್ಲ, ಗೇಟ್ ಇಲ್ಲ, ಯಾವ ಹೊತ್ತಿಗಾದ್ರೂ ಹೋಗಿ. ಆದ್ರೆ ವಯಸ್ಸಾದವ್ರು ಜೊತೆಗಿದ್ರೆ ಬೆಳಗ್ಗೇನೇ ಹೋಗೋದು ವಾಸಿ, ಈ ಊರಲ್ಲಿ ಮಧ್ಯಾಹ್ನ ಆಯ್ತು ಅಂದ್ರೆ ಸಮುದ್ರದ ಕಡೆಯಿಂದ ಮೂಡಣ ಗಾಳಿ ಶುರು, ಬೇಸಿಗೇಲೂ ಸ್ವೆಟರ್ ಬೇಕಾಗುತ್ತೆ.

ಹೋಗೋಕೆ ಮುಂಚೆ ಜೇಬಲ್ಲಿ ಒಂದು ಹತ್ತು ಡಾಲರ್ ನೋಟು ಇಟ್ಕೊಳಿ. ತಮಾಷೆ ಅಲ್ಲ. ಆ ನೀಲಿ ನೋಟಿನ ಮೇಲಿರೋ ಹೆಂಗಸೇ ಕೇಟ್ ಶೆಪರ್ಡ್, ಪಕ್ಕದಲ್ಲಿರೋ ಬಿಳಿ ಹೂವು ಕಮೀಲಿಯಾ. ಮಕ್ಕಳಿದ್ರೆ ನೋಟು ಅವರ ಕೈಗೆ ಕೊಟ್ಟು "ಇವ್ರು ಎಲ್ಲಿದಾರೆ ಹುಡುಕು" ಅನ್ನಿ, ಹತ್ತು ನಿಮಿಷ ಗಲಾಟೆ ಇರಲ್ಲ.

ಈಗ ನೋಡೋ ರೀತಿ. ಹತ್ರ ಹೋಗ್ಬೇಡಿ ಮೊದಲು, ಸ್ವಲ್ಪ ಹಿಂದೆ ನಿಂತು ಇಡೀ ಫಲಕ ಒಂದೇ ಸಲ ಕಣ್ಣಿಗೆ ಬರೋ ಹಂಗೆ ನೋಡಿ, ಸುಮಾರು ಐದು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಮಾರ್ಗ್ರೀಟ್ ವಿಂಡ್‌ಹೌಸನ್ ಅನ್ನೋ ಶಿಲ್ಪಿ ಮಾಡಿದ್ದು. ಅಲ್ಲಿರೋರು ಸುಮ್ನೆ ಫೋಟೋಗೆ ನಿಂತಿಲ್ಲ, ಗಾಡೀಲಿ ಅರ್ಜಿ ಹೇರ್ಕೊಂಡು ಪಾರ್ಲಿಮೆಂಟಿಗೆ ಹೊರಟಿದಾರೆ. ಆ ಅರ್ಜಿ ಏನು ಅಂತ ಗೊತ್ತಿಲ್ದೇ ಇದನ್ನ ನೋಡಿದ್ರೆ ಏನೂ ನೋಡಿದಂಗಲ್ಲ, ಅದಕ್ಕೇ ಅಲ್ಲೇ ನಿಂತು ಈ ಕಥೆ ಮನೆಯವ್ರಿಗೆ ಹೇಳ್ಬಿಡಿ.

1891ರಲ್ಲಿ ಹೆಂಗಸರಿಗೆ ಓಟು ಕೊಡಿ ಅಂತ ಸಹಿ ಮಾಡಿದ್ದು ಒಂಬತ್ತು ಸಾವಿರ ಚಿಲ್ಲರೆ ಜನ. ಆಗ್ಲಿಲ್ಲ. ಮಾರನೇ ವರ್ಷ ಹತ್ರ ಹತ್ರ 20 ಸಾವಿರ. ಆಗ್ಲೂ ಇಲ್ಲ. 1893ರಲ್ಲಿ ಎಲ್ಲಾ ಅರ್ಜಿ ಸೇರಿ ಸುಮಾರು 32 ಸಾವಿರ ಸಹಿ, ಫೋನಿಲ್ಲ ಕಾರಿಲ್ಲ, ಮನೆ ಮನೆ ಬಾಗ್ಲು ತಟ್ಟಿ ತಗೊಂಡಿದ್ದು. ಎಲ್ಲಾ ಕಡೆಯಿಂದ ಬಂದ ಹಾಳೆಗಳನ್ನ ಕೇಟ್ ತಮ್ಮ ಮನೇಲಿ ಕೂತು ಒಂದಕ್ಕೊಂದು ಅಂಟ್ಸಿ ಪೊರಕೆ ಕೋಲಿಗೆ ಸುತ್ತಿದ್ರು ನೋಡಿ, 270 ಮೀಟರ್ ಉದ್ದ! ಪೊರಕೆ ಕೋಲು ಅಂದಾಗ ನಮ್ಮಮ್ಮ ನಕ್ಕಿದ್ದು ನಕ್ಕಿದ್ದೇ. ಪಾರ್ಲಿಮೆಂಟಲ್ಲಿ ಜಾನ್ ಹಾಲ್ ಅನ್ನೋ ಸದಸ್ಯರು ಅದನ್ನ ನೆಲದ ಮೇಲೆ ಬಿಚ್ಚಿ ಉರುಳಿಸಿದ್ರೆ ಆ ಕಡೆ ಗೋಡೆಗೆ ಹೋಗಿ ಧಡ್ ಅಂತ ಬಡೀತಂತೆ.

ವಿರೋಧ ಮಾಡ್ತಿದ್ದೋರಲ್ಲಿ ಹೆಂಡದ ವ್ಯಾಪಾರದವ್ರು ಜೋರು. ಕೇಟ್ ಇದ್ದಿದ್ದೇ ಪಾನನಿಷೇಧದ ಸಂಘದಲ್ಲಿ, ಹೆಂಗಸರ ಕೈಗೆ ಓಟು ಬಂದ್ರೆ ನಮ್ಮ ಅಂಗಡಿ ಮುಚ್ಚಿದಂಗೇ ಅಂತ ಅವರಿಗೆ ಭಯ (ಊರಲ್ಲಿ ಸಾರಾಯಿ ವಿರುದ್ಧ ಹೆಂಗಸರು ಬೀದಿಗೆ ಬಂದಿದ್ದು ನೋಡಿರೋರಿಗೆ ಇದೇನು ಬಿಡಿಸಿ ಹೇಳ್ಬೇಕಾಗಿಲ್ಲ). ಅವರೂ ಎದುರು ಅರ್ಜಿ ಹಾಕಿದ್ರು, ಸಹಿ ತರೋಕೆ ದುಡ್ಡು ಕೊಟ್ಟು ಜನ ಬಿಟ್ರು, ಅದ್ರಲ್ಲಿ ಸುಳ್ಳು ಸಹಿ ಸಿಕ್ಕಾಕೊಳ್ತು. ಕೊನೇಗೆ ಮೇಲ್ಮನೇಲಿ ಓಟಿಂಗ್. ಪ್ರಧಾನಿ ಸೆಡನ್‌ಗೆ ಈ ಮಸೂದೆ ಬೇಕಿರ್ಲಿಲ್ಲ, ತಂತಿ ಕಳ್ಸಿ ತಮ್ಮ ಪಕ್ಷದ ಒಬ್ಬ ಸದಸ್ಯನ ಓಟು ತಿರುಗ್ಸಿದ್ರು, ಇದು ಗೊತ್ತಾಗಿ ವಿರೋಧ ಪಕ್ಷದ ಇಬ್ರು ರೇಗಿ, ಮಸೂದೆ ವಿರುದ್ಧ ಇದ್ದೋರೇ ಅದರ ಪರ ಓಟು ಹಾಕ್ಬಿಟ್ರು. 20ಕ್ಕೆ 18. ತಂತ್ರ ಮಾಡೋಕೆ ಹೋಗಿ ತಾನೇ ಹಳ್ಳಕ್ಕೆ ಬಿದ್ದಂಗಾಯ್ತು. 1893ರ ಸೆಪ್ಟೆಂಬರ್ 19ಕ್ಕೆ ಗವರ್ನರ್ ಸಹಿ ಬಿತ್ತು, ಆ ನವೆಂಬರ್ ಚುನಾವಣೇಲಿ 90 ಸಾವಿರಕ್ಕೂ ಮೇಲೆ ಹೆಂಗಸರು ಓಟು ಹಾಕಿದ್ರು. ಸ್ಮಾರಕ ಅನಾವರಣ ಆಗಿದ್ದೂ ಸರಿಯಾಗಿ ನೂರು ವರ್ಷಕ್ಕೆ, 1993ರ ಅದೇ ದಿನ.

ಇಷ್ಟು ಹೇಳಿ ಆದ್ಮೇಲೆ ಹತ್ರ ಹೋಗಿ ಒಬ್ಬೊಬ್ಬರ ಮುಖ ನೋಡಿ. ಕೇಟ್ ಬಿಟ್ರೆ ಇನ್ನೂ ಐದು ಜನ, ಹೆಸರು ಮೊದಲೇ ಮೊಬೈಲಲ್ಲಿ ಬರ್ಕೊಂಡು ಹೋಗಿ: ಹೆಲನ್ ನಿಕಲ್, ಏಡಾ ವೆಲ್ಸ್, ಹ್ಯಾರಿಯೆಟ್ ಮಾರಿಸನ್, ಮೇರಿ ತೆ ತಾಯಿ ಮಂಗಕಾಹಿಯಾ, ಏಮಿ ಡಾಲ್ಡಿ. ಹ್ಯಾರಿಯೆಟ್ ಡನೀಡಿನ್‌ನಲ್ಲಿ ಹೊಲಿಗೆ ಕೆಲಸದ ಹೆಂಗಸರ ಯೂನಿಯನ್ ನಡೆಸ್ತಿದ್ದೋರು. ಮೇರಿ ಮಾವೊರಿ ಹೆಣ್ಣುಮಗಳು, ಅವರು ಅದೇ 1893ರಲ್ಲಿ ಮಾವೊರಿಗಳದ್ದೇ ಆದ ಬೇರೆ ಪಾರ್ಲಿಮೆಂಟಲ್ಲಿ ನಿಂತು, ಹೆಂಗಸರಿಗೂ ನೆಲ ಇದೆ, ನೆಲ ನೋಡ್ಕೊಳೋದೂ ಅವರಿಗೆ ಗೊತ್ತು, ಅದಕ್ಕೆ ಓಟು ಅಷ್ಟೇ ಅಲ್ಲ, ಸದಸ್ಯರಾಗೋ ಹಕ್ಕೂ ಕೊಡಿ ಅಂತ ಕೇಳಿದ್ರು. ದೇಶದ ಪಾರ್ಲಿಮೆಂಟಿಗೆ ಸ್ಪರ್ಧಿಸೋ ಹಕ್ಕು ಹೆಂಗಸರಿಗೆ ಬಂದಿದ್ದು 1919ಕ್ಕೆ, ಮೊದಲನೇ ಎಂಪಿ ಗೆದ್ದಿದ್ದು 1933ರಲ್ಲಿ. ಆ ಮಧ್ಯದಲ್ಲೇ, 1926ರಲ್ಲಿ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತಿದ್ರು, ಅದು ಹೇಳ್ದಾಗ ಅಪ್ಪ ಸ್ವಲ್ಪ ಎದೆ ಉಬ್ಬಿಸಿ ನಿಂತ್ರು ಅನ್ನಿ.

ಏಡಾ ವೆಲ್ಸ್ ಹತ್ರ ನಿಂತಾಗ ತಿರುಗಿ ಆ ಕೆಂಪು ಕಟ್ಟಡ ನೋಡೋದು ಮರೀಬೇಡಿ. ಆಗಿನ ಸಿಟಿ ಕೌನ್ಸಿಲ್ ಆಫೀಸು ಅದೇ, 1917ರಲ್ಲಿ ಈ ಊರಿನ ಮೊದಲ ಮಹಿಳಾ ಕೌನ್ಸಿಲರ್ ಆಗಿ ಅದರೊಳಗೆ ಹೋಗಿ ಕೂತಿದ್ದು ಇದೇ ಏಡಾ. ನನಗಂತೂ ಇಡೀ ಸ್ಮಾರಕದಲ್ಲಿ ಇಷ್ಟ ಆಗಿದ್ದು ಇದೇ, ಕಂಚಲ್ಲಿರೋರು ನಿಜವಾಗ್ಲೂ ಓಡಾಡಿದ ಬಾಗ್ಲು ಪಕ್ಕದಲ್ಲೇ ಇದೆ.

ದೊಡ್ಡ ಫಲಕದ ಅಕ್ಕಪಕ್ಕ ಆ ಕಾಲದ ಹೆಂಗಸರ ದಿನನಿತ್ಯದ ಬದುಕಿನ ಚಿಕ್ಕ ಚಿಕ್ಕ ಚಿತ್ರಗಳಿವೆ, ಮುಕ್ಕಾಲು ಜನ ಬಿಟ್ಟು ಹೋಗೋದು ಇವನ್ನೇ. ಬಗ್ಗಿ ನೋಡಿ.

ದಿನ ಆರಿಸ್ಕೊಳೋಕಾದ್ರೆ ಸೆಪ್ಟೆಂಬರ್ 19ಕ್ಕೇ ಹೋಗಿ. ಅವತ್ತು ಇಲ್ಲಿ ಜನ ಸೇರಿ ಬಿಳಿ ಕಮೀಲಿಯಾ ಇಡ್ತಾರೆ, 1893ರಲ್ಲಿ ಹೆಂಗಸರ ಓಟಿನ ಪರ ಇದ್ದ ಎಂಪಿಗಳ ಕೋಟಿಗೆ ಸಿಗಿಸ್ತಿದ್ದಿದ್ದು ಬಿಳಿ, ವಿರೋಧಿಗಳು ಹಂಚಿದ್ದು ಕೆಂಪು. ಆ ಟೈಮಿಗೆ ಕಮೀಲಿಯಾ ಎಲ್ಲಾರ ಹಿತ್ತಲಲ್ಲೂ ಬಿಟ್ಟಿರುತ್ತೆ, ಪಕ್ಕದ ಮನೆಯವ್ರನ್ನ ಕೇಳಿದ್ರೆ ಕೊಡ್ತಾರೆ, ಆದ್ರೆ ನಮ್ಮಮ್ಮನ ಥರ ಪೂಜೆಗೆ ಅಂತ ಕೇಳದೇ ಕೀಳ್ಬೇಡಿ.

ಇನ್ನೂ ಟೈಮಿದ್ರೆ ಇದೇ ಊರಿನ ಇಲಾಮ್ ಬಡಾವಣೇಲಿ ಕ್ಲೈಡ್ ರೋಡಿನ ಕೇಟ್ ಶೆಪರ್ಡ್ ಮನೆಗೆ ಹೋಗಿ, ಆ ಅರ್ಜಿ ಅಂಟಿಸಿದ ಮನೆ ಅದೇ, 2020ರಲ್ಲಿ ಜನಕ್ಕೆ ತೆರೆದ್ರು, ಆದ್ರೆ ಈಗ ತೆರೆದಿದೆಯಾ, ಯಾವ ದಿನ ಯಾವ ಸಮಯ ಅಂತ ನೋಡ್ಕೊಂಡು ಹೊರಡಿ. ಅರ್ಜಿ ಮಾತ್ರ ಅಲ್ಲಿಲ್ಲ, ಅದು ವೆಲ್ಲಿಂಗ್ಟನ್‌ನ ನ್ಯಾಷನಲ್ ಲೈಬ್ರರೀಲಿದೆ, ಪುಕ್ಸಟ್ಟೆ ನೋಡ್ಬೋದು. ಅಲ್ಲೀವರೆಗೂ ಹೋಗೋಕಾಗದೇ ಇದ್ರೆ ಆನ್‌ಲೈನಲ್ಲಿ ಸಹಿ ಹಾಕಿದವ್ರ ಹೆಸರು, ಊರು ಹಾಕಿ ಹುಡುಕೋ ವ್ಯವಸ್ಥೆ ಇದೆ. ನಿಮ್ಮ ಏರಿಯಾ ಹೆಸರು ಹಾಕಿ ನೋಡಿ, ದಿನಾ ಬಸ್ಸಲ್ಲಿ ಹೋಗೋ ದಾರೀಲಿ 1893ರಲ್ಲಿ ಯಾರ್ಯಾರು ಸಹಿ ಹಾಕಿದ್ರು ಅಂತ ಬರುತ್ತೆ, ನಾನು ಹಂಗೆ ಶುರು ಮಾಡಿ ಒಂದು ಭಾನುವಾರ ಪೂರ್ತಿ ಕಳ್ದೆ.

ಇನ್ನೊಂದು, ಇಲ್ಲೇ ಇರೋ ನಮ್ಮವ್ರಿಗೆ: ರೆಸಿಡೆನ್ಸಿ ಸಿಕ್ಕಿ, 18 ತುಂಬಿದ್ದು, ಇಲ್ಲಿ ಬಿಡದೆ ಒಂದು ವರ್ಷ ಇದ್ದಿದ್ರೆ ಸಿಟಿಜನ್ ಆಗ್ದೇನೂ ಓಟು ಹಾಕ್ಬೋದು, ಹೆಸರು ನೋಂದಾಯಿಸೋದಂತೂ ಕಡ್ಡಾಯ. ನನ್ನ ಹೆಂಡ್ತಿ ಅವತ್ತು ಆ ಫಲಕದ ಮುಂದೆ ನಿಂತೇ ಮೊಬೈಲಲ್ಲಿ ಫಾರಂ ತುಂಬಿದ್ಲು, ಐದು ನಿಮಿಷ ಹಿಡೀಲಿಲ್ಲ, ನಾನು ಎರಡು ವರ್ಷದಿಂದ ನಾಳೆ ಮಾಡ್ತೀನಿ ಅಂತಿದ್ದೆ.